ಸೇಂಟ್ ಮೇರೀಸ್ ದ್ವೀಪಕ್ಕೆ ಮನೆಮಂದಿಯೆಲ್ಲ ಹೊರಟಿದ್ದೇವೆ, ಉಡುಪಿ ಕಡೆಯವರು ಸ್ವಲ್ಪ ಹೇಳಿ

ಬೆಣ್ಣೆನಗರಿ:

ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ಕಾರಿನಲ್ಲಿ ಬರುತ್ತಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆ. ಅತ್ತೆಗೆ ಮಂಡಿ ನೋವು, ಮೀನಿನ ವಾಸನೆಯೂ ಆಗುವುದಿಲ್ಲ. ನಮ್ಮನೆಯವರಿಗೆ ಮೀನು ಸಿಕ್ಕರೆ ಬೇರೆ ಏನೂ ಬೇಡ. ಮೂರು ರಾತ್ರಿ ಇರುವ ಯೋಚನೆ. ದ್ವೀಪದಲ್ಲಿ ಟೆಂಟ್ ಹಾಕಿ ಮಲಗಬೇಕು ಅಂತ ಮಕ್ಕಳ ಹಟ.

ವಿಡಿಯೋ ನೋಡಿ ನೋಡಿ ಸಾಕಾಯಿತು. ಎಲ್ಲರೂ ಅದೇ ಜಾಗ, ಅದೇ ಡ್ರೋನ್ ಶಾಟ್. ನಿಮ್ಮ ಮನೆಗೆ ನೆಂಟರು ಬಂದರೆ ನೀವು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ, ಅದನ್ನು ಹೇಳಿ. ಅತ್ತೆಯನ್ನು ದೋಣಿ ಹತ್ತಿಸಬಹುದಾ? ಎಲ್ಲಿ ಉಳಿಯುವುದು?

ವಡಭಾಂಡದ ಹುಡುಗ:

ಅಕ್ಕ, ಟೆಂಟ್ ಆಸೆ ಈಗಲೇ ಬಿಡಿಸಿಬಿಡಿ. ದ್ವೀಪದಲ್ಲಿ ರಾತ್ರಿ ಯಾರನ್ನೂ ಉಳಿಸುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು. ಅಲ್ಲಿ ಮನೆಗಳಿಲ್ಲ. ತೆಂಗಿನ ಮರ, ಕಲ್ಲು, ಚಿಪ್ಪು ತುಂಬಿದ ದಡ ಅಷ್ಟೇ. ನಿಜ ಹೇಳಬೇಕೆಂದರೆ ದ್ವೀಪ ನೋಡಲು ಒಂದೆರಡು ಗಂಟೆ ಧಾರಾಳ. ಹಾಗಾಗಿ ಮೂರು ದಿನವನ್ನೂ ದ್ವೀಪದ ಸುತ್ತಲೇ ಕಟ್ಟಬೇಡಿ. ಅದನ್ನು ಒಂದು ಬೆಳಿಗ್ಗೆಯ ಕೆಲಸ ಅಂತ ಇಟ್ಟುಕೊಳ್ಳಿ, ಉಳಿದ ದಿನ ದಡದ ಊರುಗಳಿಗೆ ಕೊಡಿ.

ದೋಣಿ ವಿಷಯ. ಮಲ್ಪೆ ಬಂದರಿನಿಂದ ದೊಡ್ಡ ಬೋಟ್ ಹೊರಡುತ್ತದೆ. ಬೀಚಿನಿಂದ ಸಣ್ಣ ಸ್ಪೀಡ್ ಬೋಟ್‌ಗಳೂ ಸಿಗುತ್ತವೆ. ಅತ್ತೆಯವರು ಬರುವುದಾದರೆ ದೊಡ್ಡದೇ ಸರಿ, ಕುಲುಕಾಟ ಕಡಿಮೆ. ಸಣ್ಣದರಲ್ಲಿ ಅಲೆಗೆ ಹಾರಿ ಹಾರಿ ಬೀಳುವಾಗ ಸೊಂಟಕ್ಕೆ ಪೆಟ್ಟು. ಆದರೆ ದೊಡ್ಡ ಬೋಟ್ ಜನ ತುಂಬಿದ ಮೇಲೆಯೇ ಬಿಡುವುದು. ವಾರದ ನಡುವೆ ಬಂದರೆ ಸ್ವಲ್ಪ ಕಾಯಬೇಕು. ಶನಿವಾರ, ಭಾನುವಾರ ಬಂದರೆ ಕಾಯಬೇಕಾಗಿಲ್ಲ, ಆದರೆ ದ್ವೀಪದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನಾದರೆ ಕಾಯುತ್ತೇನೆ.

ಇನ್ನೊಂದು ಮಾತು. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ. ಹತ್ತು ಗಂಟೆ ದಾಟಿದರೆ ಬಸ್ಸುಗಟ್ಟಲೆ ಮಕ್ಕಳು ಬಂದು ಇಳಿಯುತ್ತಾರೆ. ಮೊದಲ ಬೋಟಿಗೇ ಹೋಗಿ. ದರ, ಸಮಯ ಆಗಾಗ ಬದಲಾಗುತ್ತದೆ. ಹಿಂದಿನ ಸಂಜೆ ಬಂದರಿಗೆ ಒಂದು ಸುತ್ತು ಹಾಕಿ ಕೌಂಟರಿನಲ್ಲೇ ಕೇಳಿ ಬನ್ನಿ. ವಾಪಸ್ ಬರುವುದಕ್ಕೂ ಅದೇ ಟಿಕೆಟ್, ಕಳೆದುಕೊಳ್ಳಬೇಡಿ.

ರಥಬೀದಿ ಕಾಫಿ:

ಅತ್ತೆಯವರನ್ನು ದೋಣಿ ಹತ್ತಿಸಲೇಬೇಕಾ? ಹತ್ತುವಾಗ, ಇಳಿಯುವಾಗ ಕಾಲು ಎತ್ತಿಡಬೇಕು, ಬೋಟ್ ಅಲುಗಾಡುತ್ತಿರುತ್ತದೆ. ದ್ವೀಪದಲ್ಲಿ ಮರಳು, ಆಮೇಲೆ ಉಬ್ಬು ತಗ್ಗಿನ ಕಲ್ಲು. ಮಂಡಿ ನೋವು ಇರುವವರಿಗೆ ಅಷ್ಟೇನೂ ಸುಖ ಇಲ್ಲ. ನೀವು ದ್ವೀಪಕ್ಕೆ ಹೋಗುವ ಬೆಳಿಗ್ಗೆ ಅವರನ್ನು ಮಲ್ಪೆಯ ವಡಭಾಂಡೇಶ್ವರ ದೇವಸ್ಥಾನದಲ್ಲಿ ಬಿಡಿ. ಬಲರಾಮನ ಗುಡಿ, ಕಡಲಿಗೆ ಹತ್ತಿರ. ಮಧ್ವಾಚಾರ್ಯರಿಗೆ ಉಡುಪಿಯ ಕೃಷ್ಣನ ವಿಗ್ರಹ ಗೋಪಿಚಂದನದ ಗಡ್ಡೆಯಲ್ಲಿ ಸಿಕ್ಕಿದ್ದು ಇದೇ ಮಲ್ಪೆ ಕಡಲತೀರದಲ್ಲಿ ಎಂಬ ಕಥೆ ಅವರಿಗೆ ಗೊತ್ತೇ ಇರುತ್ತದೆ. ನಮ್ಮ ಅಮ್ಮ ಅಲ್ಲಿ ಕೂತರೆ ಏಳುವುದೇ ಇಲ್ಲ.

ಕಲ್ಲು ನೋಡುವವ:

ದ್ವೀಪದ ಬಗ್ಗೆ ಎರಡು ಗಂಟೆ ಧಾರಾಳ ಎಂದವರಿಗೆ ನನ್ನ ಆಕ್ಷೇಪ ಉಂಟು. ಸೆಲ್ಫಿ ತೆಗೆಯುವವರಿಗೆ ಎರಡು ಗಂಟೆಯೂ ಜಾಸ್ತಿ. ಕಲ್ಲು ನೋಡುವವರಿಗೆ ಇಡೀ ದಿನ ಸಾಲದು.

ಮಕ್ಕಳಿಗೆ ಹೋಗುವ ಮುಂಚೆಯೇ ಇಷ್ಟು ಹೇಳಿ ಕರೆದುಕೊಂಡು ಬನ್ನಿ. ಅಲ್ಲಿ ಆರು ಮೂಲೆಯ ಕಂಬಗಳು ಸಾಲಾಗಿ ನಿಂತಿವೆ. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಏಳು. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿತು. ಕುಗ್ಗುವಾಗ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಬಿರಿಯುತ್ತದಲ್ಲ, ಹಾಗೆ. ಇಲ್ಲಿ ಮೇಲೆ ಮೂಡಿದ ಬಿರುಕು ಆಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾದವು. ಆಗ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಬಿಟ್ಟು ಹೋಗುವ ಹೊತ್ತಿನ ಜ್ವಾಲಾಮುಖಿ ಇದು. ತುಂಬಾ ಜನ ಇದನ್ನು ಬಸಾಲ್ಟ್ ಎನ್ನುತ್ತಾರೆ. ಅಲ್ಲ, ರಯೊಲೈಟ್ ಜಾತಿಯ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ.

ಕಡಲು ಇಳಿತದಲ್ಲಿರುವಾಗ ಹೋದರೆ ಕಂಬಗಳ ಬುಡ ಕಾಣುತ್ತದೆ. ಉಬ್ಬರದಲ್ಲಿ ಅರ್ಧ ನೀರಿನಲ್ಲಿ. ಉಬ್ಬರ, ಇಳಿತದ ಸಮಯ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತದೆ. ಮಲ್ಪೆಯ ಟೈಡ್ ಪಟ್ಟಿ ಮೊಬೈಲ್‌ನಲ್ಲೇ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ.

ಚಿಪ್ಪು, ಕಲ್ಲಿನ ಚೂರು ಏನನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಸಾವಿರಾರು ಜನ ಒಂದೊಂದು ಒಯ್ದರೆ ಉಳಿಯುವುದೇನು? ಮತ್ತೆ ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟ ಅಂತ ಬೋಟಿನಲ್ಲಿ ಹೇಳುತ್ತಾರೆ. ಕಥೆ ಅಂತ ಕೇಳಿಕೊಳ್ಳಿ. ನಮ್ಮ ಹಿರಿಯರಿಗೆ ಇದು ತೋನ್ಸೆಪಾರ್.

ದೋಣಿಮನೆ:

ಕಲ್ಲಿನ ಕಥೆ ಆಯಿತು, ನೀರಿನ ಕಥೆ ನಾನು ಹೇಳುತ್ತೇನೆ. ನಮ್ಮದು ಮೀನುಗಾರಿಕೆಯ ಮನೆ.

ದ್ವೀಪದಲ್ಲಿ ನೀರು ಗಾಜಿನ ಹಾಗೆ ಕಾಣುತ್ತದೆ. ಇಳಿಯಲು ಮನಸ್ಸಾಗುತ್ತದೆ. ಆದರೆ ಕಲ್ಲಿನ ಪಕ್ಕದಲ್ಲಿ ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ತಲೆ ಮುಳುಗುತ್ತದೆ. ಪಾಚಿ ಬೇರೆ. ಕಾವಲಿನವರು ಸೀಟಿ ಊದಿದರೆ ಜಗಳ ಮಾಡಬೇಡಿ. ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಎಷ್ಟೋ ಹುಡುಗರು ಫೋಟೋ ತೆಗೆಯಲು ಹೋಗಿ ಜೀವ ಕಳೆದುಕೊಂಡಿದ್ದಾರೆ. ಮಕ್ಕಳು ನೀರಾಡಬೇಕಾದರೆ ಮಲ್ಪೆ ಬೀಚಿನಲ್ಲಿ ಲೈಫ್‌ಗಾರ್ಡ್ ನಿಂತಿರುವ ಕಡೆ ಆಡಲಿ.

ದಡದಲ್ಲೂ ಒಂದು ವಿಷಯ ಗಮನಿಸಿ. ಅಲೆ ಎಲ್ಲ ಕಡೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನೆ ಕಂಡರೆ ಅಲ್ಲಿ ಇಳಿಯಬೇಡಿ. ದಡಕ್ಕೆ ಬಂದ ನೀರು ಹಿಂದೆ ಹೋಗುವ ದಾರಿ ಅದು. ಹೊಸಬರು ಶಾಂತ ಇದೆ ಅಂತ ಅಲ್ಲೇ ಇಳಿಯುತ್ತಾರೆ. ಸಿಕ್ಕಿಹಾಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ಆಮೇಲೆ ಅಲೆಯೇ ತಂದು ಬಿಡುತ್ತದೆ.

ಅಳಿವೆ ಬಾಗಿಲಿನ ಹತ್ತಿರವಂತೂ ಕಾಲೂ ಇಡಬೇಡಿ. ಹೊಳೆ ಕಡಲಿಗೆ ಸೇರುವ ಜಾಗದಲ್ಲಿ ಇಳಿತದ ಹೊತ್ತಿಗೆ ಎಳೆತ ಭಯಂಕರ. ಬೆಂಗ್ರೆಯ ಡೆಲ್ಟಾ ಬೀಚಿನ ಚಂದದ ಫೋಟೋಗಳೆಲ್ಲ ಅಲ್ಲಿಯದೇ. ನೋಡಿ, ಕೂತುಕೊಳ್ಳಿ, ಇಳಿಯಬೇಡಿ.

ಬೆಣ್ಣೆನಗರಿ:

ಅಯ್ಯೋ, ಇಷ್ಟು ವಿವರ ಯಾವ ವಿಡಿಯೋದಲ್ಲೂ ಇರಲಿಲ್ಲ. ಅತ್ತೆಗೆ ಓದಿ ಹೇಳಿದೆ. "ದೋಣಿ ಬೇಡ, ಬಲರಾಮ ಸಾಕು" ಎಂದರು. ಈಗ ಉಳಿಯುವ ಜಾಗ ಹೇಳಿ. ಬೆಂಗ್ರೆ ಅಂದರೆ ಎಲ್ಲಿ?

ಬೆಂಗ್ರೆ ಹೊಳೆಬದಿ:

ಕೋಡಿ ಬೆಂಗ್ರೆ ನಮ್ಮೂರು. ಮಲ್ಪೆಯಿಂದ ಉತ್ತರಕ್ಕೆ ಹೂಡೆ ದಾಟಿ ಬಂದರೆ ನೆಲ ಸಣ್ಣ ಪಟ್ಟಿಯಾಗುತ್ತದೆ. ಎಡಗಡೆ ಕಡಲು, ಬಲಗಡೆ ಸುವರ್ಣಾ ಹೊಳೆ, ನಡುವೆ ರಸ್ತೆ ಮತ್ತು ನಮ್ಮ ಮನೆಗಳು. ತುದಿಯಲ್ಲಿ ಸುವರ್ಣಾ, ಸೀತಾ ಎರಡೂ ಸೇರಿ ಕಡಲಿಗೆ ಬೀಳುತ್ತವೆ. ಬೆಳಿಗ್ಗೆ ಹೊಳೆ ಬದಿಯಲ್ಲಿ ಸೂರ್ಯ ಹುಟ್ಟುವುದು ನೋಡಿ, ಸಂಜೆ ರಸ್ತೆ ದಾಟಿ ಕಡಲಿನಲ್ಲಿ ಮುಳುಗುವುದು ನೋಡಬಹುದು.

ಇಲ್ಲಿ, ಕೆಮ್ಮಣ್ಣು ಕಡೆ, ಹೋಂಸ್ಟೇಗಳು ಬೇಕಾದಷ್ಟು ಆಗಿವೆ. ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಮನೆಯವರು ಅಲ್ಲೇ ಇರುತ್ತಾರಾ? ಕುಡಿಯುವ ನೀರು ಎಲ್ಲಿಂದ? ಹೊಳೆ, ಕಡಲು ಎರಡೂ ಪಕ್ಕದಲ್ಲಿರುವ ಕಡೆ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಮನೆಯವರು ಇರುವ ಕಡೆ ಊಟ ಚೆನ್ನಾಗಿರುತ್ತದೆ, ಗಲಾಟೆಯೂ ಇರುವುದಿಲ್ಲ. ಮಾಲೀಕರು ಎಲ್ಲೋ ಇದ್ದು ಕೀಲಿ ಮಾತ್ರ ಕೊಡುವ ಮನೆಗಳಿಗೆ ವಾರಾಂತ್ಯದಲ್ಲಿ ಪಾರ್ಟಿಯವರು ಬರುತ್ತಾರೆ. ಅವರು ಒಡೆದು ಹೋದ ಬಾಟಲಿ ಚೂರು ಬಲೆ ಎಳೆಯುವಾಗ ನಮ್ಮ ಕಾಲಿಗೇ ಹೊಕ್ಕುವುದು. ಕಡಲತೀರ ನಿಮಗೆ ಬೀಚ್ ಇರಬಹುದು, ನಮಗೆ ಅಂಗಳ. ಬಲೆ ಒಣಗಿಸಿದ ಜಾಗದ ಮೇಲೆ ಕಾರು ಹತ್ತಿಸಬೇಡಿ. ಅದಕ್ಕೆ ಬೈದರೆ ಊರಿನವರು ಒರಟು ಎಂದು ರಿವ್ಯೂ ಬರೆಯುತ್ತಾರೆ!

ಕುಡ್ಲದ ಪೊಣ್ಣು:

ಮೂರು ದಿನದಲ್ಲಿ ಒಂದು ದಿನ ಮಂಗಳೂರಿಗೂ ಬನ್ನಿ ಅಕ್ಕ. ಹೈವೇಯಲ್ಲಿ ಅರವತ್ತು ಕಿಲೋಮೀಟರ್ ಚಿಲ್ಲರೆ. ಸುಲ್ತಾನ್ ಬತ್ತೇರಿಯಿಂದ ಫಲ್ಗುಣಿ ಹೊಳೆ ದಾಟಿಸುವ ದೋಣಿ ಉಂಟು. ಐದೇ ನಿಮಿಷದ ದಾರಿ, ಆಚೆ ತಣ್ಣೀರುಬಾವಿ ಬೀಚ್. ಪಣಂಬೂರಿನಷ್ಟು ಗದ್ದಲ ಇಲ್ಲ. ಆಮೇಲೆ ಐಡಿಯಲ್‌ನಲ್ಲಿ ಗಡ್‌ಬಡ್ ಐಸ್‌ಕ್ರೀಂ.

ರಥಬೀದಿ ಕಾಫಿ:

ಗಡ್‌ಬಡ್ ತಿನ್ನಲು ಉಡುಪಿಯಿಂದ ಮಂಗಳೂರಿಗಾ? ಡಯಾನಾ ಹೋಟೆಲ್ ಇರುವ ಊರಿನಲ್ಲಿ ನಿಂತು ಈ ಮಾತು ಹೇಳುವ ಧೈರ್ಯ ನಿಮಗೆ ಮಾತ್ರ.

ಕುಡ್ಲದ ಪೊಣ್ಣು:

ಹುಟ್ಟಿದ್ದು ನಿಮ್ಮಲ್ಲೇ ಇರಬಹುದು ಮಾರಾಯ್ರೆ. ಬೆಳೆದದ್ದು ನಮ್ಮಲ್ಲಿ.

ವಡಭಾಂಡದ ಹುಡುಗ:

ಈ ಜಗಳ ಶುರುವಾದರೆ ನಾಳೆ ಬೆಳಿಗ್ಗೆವರೆಗೂ ಮುಗಿಯುವುದಿಲ್ಲ. ಮಂಗಳೂರು ಇನ್ನೊಂದು ಸಲಕ್ಕೆ ಇರಲಿ. ಮೂರು ರಾತ್ರಿಯಲ್ಲಿ ಅಷ್ಟು ಓಡಾಡಿದರೆ ಅತ್ತೆಯವರ ಮಂಡಿ ಕಥೆ ಏನು?

ಅದರ ಬದಲು ಒಂದು ಸಂಜೆ ದಕ್ಷಿಣಕ್ಕೆ ಹೋಗಿ. ಮಲ್ಪೆ ಬಂದರಿನ ಹಿಂದಿನ ಸೇತುವೆ ದಾಟಿದರೆ ಪಡುಕೆರೆ. ಅಲ್ಲಿಂದ ಮಟ್ಟುವಿನವರೆಗೆ ಕಡಲ ಬದಿಯ ರಸ್ತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಉದ್ಯಾವರ ಹೊಳೆಯ ಹಿನ್ನೀರು. ಅಂಗಡಿ ಕಡಿಮೆ, ಜನ ಕಡಿಮೆ. ನಮ್ಮ ನೆಂಟರನ್ನು ನಾವು ಕರೆದುಕೊಂಡು ಹೋಗುವುದು ಇಲ್ಲಿಗೇ. ಅತ್ತೆ ಕಾರಿನಿಂದ ಇಳಿಯದೆಯೇ ಕಡಲು ನೋಡಬಹುದು. ರಸ್ತೆ ಕಿರಿದು, ಎದುರು ಟೆಂಪೊ ಬಂದರೆ ನಿಧಾನ ಮಾಡಿ.

ಹಾಗೆಯೇ ಮುಂದೆ ಹೋದರೆ ಕಾಪು. 1901ರಲ್ಲಿ ಕಟ್ಟಿದ ದೀಪಸ್ತಂಭ, ಬಂಡೆಯ ಮೇಲೆ ನಿಂತಿದೆ. ಮೇಲೆ ಹತ್ತಲು ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ. ಸೂರ್ಯ ಮುಳುಗುವ ಹೊತ್ತಿಗೆ ಹೋದರೆ ಸಾಲು ದೊಡ್ಡದಿರುತ್ತದೆ, ನಾಲ್ಕು ಗಂಟೆಗೇ ಅಲ್ಲಿರಿ.

ಹುಬ್ಬಳ್ಳಿ ಸವಾರ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮಗೆ ರಜೆ ಸಿಗುವುದು ಜುಲೈನಲ್ಲಿ. ಬೈಕ್‌ನಲ್ಲಿ ಬಂದರೆ ದ್ವೀಪ ಸಿಗುತ್ತದಾ?

ದೋಣಿಮನೆ:

ಇಲ್ಲ ಸರ್. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇಲ್ಲ. ಬೀಚಿನಲ್ಲೂ ನೀರಿಗಿಳಿಯಲು ಬಿಡುವುದಿಲ್ಲ. ಮಳೆ ನಿಂತು ಕಡಲು ತಣ್ಣಗಾದ ಮೇಲೆಯೇ ಶುರು. ಮೀನಿನ ಆಸೆಯಿದ್ದರೆ ಇದೂ ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ. ಆಗ ನಾಡದೋಣಿಯವರು ಹಿಡಿದದ್ದೇ ತಾಜಾ ಮೀನು. ಸಿಕ್ಕಿದರೆ ರುಚಿ ಬೇರೆಯೇ, ರೇಟೂ ಬೇರೆಯೇ. ಹೋಟೆಲಿನಲ್ಲಿ ಆ ತಿಂಗಳು ಸಿಗುವ ಅಂಜಲ್ ಹೆಚ್ಚಾಗಿ ಐಸ್‌ನಲ್ಲಿಟ್ಟದ್ದು ಅಥವಾ ಹೊರ ರಾಜ್ಯದಿಂದ ಬಂದದ್ದು.

ಮಳೆಯಲ್ಲಿ ಬಂದರೆ ಕಡಲನ್ನು ದೂರದಿಂದ ನೋಡಿ, ಬಿಸಿ ಪತ್ರೊಡೆ ತಿನ್ನಿ, ಆಗುಂಬೆ ಹತ್ತಿ ಹೋಗಿ. ಅದೂ ಒಂದು ಮಜಾ.

ಬೆಣ್ಣೆನಗರಿ:

ಆಗುಂಬೆ ಎಂದಿರಿ, ನಾವೂ ಶಿವಮೊಗ್ಗ, ತೀರ್ಥಹಳ್ಳಿ ದಾರಿಯಲ್ಲೇ ಬರುವುದು. ಘಾಟಿಯಲ್ಲಿ ಮಕ್ಕಳಿಗೆ ವಾಂತಿ ಗ್ಯಾರಂಟಿ. ಮತ್ತೆ ಊಟದ ವಿಷಯ ಯಾರೂ ಹೇಳಲೇ ಇಲ್ಲವಲ್ಲ! ಒಂದೇ ಮನೆಯಲ್ಲಿ ಎರಡು ಪಕ್ಷ ನಮ್ಮದು.

ರಥಬೀದಿ ಕಾಫಿ:

ಘಾಟಿಗೆ ಮುಂಚೆ ತೀರ್ಥಹಳ್ಳಿಯಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ. ತಿರುವುಗಳು ಮುಗಿದು ಹೆಬ್ರಿ ಬಂದ ಮೇಲೆ ತಿಂಡಿ.

ಅತ್ತೆಯವರ ಪಕ್ಷ ನಾನು ವಹಿಸಿಕೊಳ್ಳುತ್ತೇನೆ. ಕೃಷ್ಣ ಮಠಕ್ಕೆ ಬೆಳಿಗ್ಗೆ ಬೇಗ ಹೋಗಿ. ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಹೋಗಬೇಕು, ಸುಲಭಕ್ಕೆ ಬಿಚ್ಚುವ ಅಂಗಿ ಹಾಕಲಿ. ದರ್ಶನ ಒಂಬತ್ತು ತೂತಿನ ಬೆಳ್ಳಿ ಕಿಟಕಿಯ ಮೂಲಕ. ಹೊರಗೆ ಕನಕನ ಕಿಂಡಿ. ಮಧ್ಯಾಹ್ನ ಅಲ್ಲೇ ಪ್ರಸಾದದ ಊಟ, ದುಡ್ಡಿಲ್ಲ. ನೆಲದಲ್ಲಿ ಕೂರುವುದು ಕಷ್ಟವಾದರೆ ಅಲ್ಲಿರುವವರನ್ನು ಕೇಳಿ. ಸಂಜೆ ರಥಬೀದಿಗೆ ಇನ್ನೊಮ್ಮೆ ಬನ್ನಿ. ಡಿಸೆಂಬರ್‌ನಲ್ಲಿ ರಥೋತ್ಸವ ನೋಡುವ ಅವಕಾಶ ಜಾಸ್ತಿ, ದೀಪ, ವಾದ್ಯ, ಮಕ್ಕಳಿಗೂ ಖುಷಿ. ಅಲ್ಲೇ ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ. ಬೆಣ್ಣೆದೋಸೆ ಊರಿನವರಿಗೆ ನಮ್ಮ ಮಸಾಲೆ ದೋಸೆ ಬಗ್ಗೆ ನಾನು ಏನೂ ಹೇಳುವುದಿಲ್ಲ, ತಿಂದು ನೀವೇ ತೀರ್ಮಾನ ಮಾಡಿ.

ಮಟ್ಟು ಕಡೆ ಹೋದಾಗ ಗುಳ್ಳ, ಅಂದರೆ ಅಲ್ಲಿಯ ಬದನೆಕಾಯಿ, ಕೊಂಡುಕೊಳ್ಳಿ. ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಹಸಿರು ಬಣ್ಣ, ದುಂಡಗೆ, ತೊಟ್ಟಿನಲ್ಲಿ ಸಣ್ಣ ಮುಳ್ಳು. ಹುಳಿ ಮಾಡಿದರೆ ಅತ್ತೆ ಸೊಸೆ ಇಬ್ಬರೂ ಒಪ್ಪುತ್ತಾರೆ.

ವಡಭಾಂಡದ ಹುಡುಗ:

ಅಣ್ಣನ ಪಕ್ಷ ನನ್ನದು. ಇನ್‌ಸ್ಟಾಗ್ರಾಂನಲ್ಲಿ ಬಂದ ಮೀನಿನ ಹೋಟೆಲ್ ಎದುರು ಗಂಟೆಗಟ್ಟಲೆ ನಿಲ್ಲಬೇಡಿ. ಬೆಳಿಗ್ಗೆ ಮಲ್ಪೆ ಬಂದರಿಗೆ ಹೋಗಿ, ಏಲಂ ನೋಡಿ. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ. ಆ ದಿನ ಏನು ಬಂದಿದೆ ಎಂದು ನೋಡಿಕೊಂಡು ಮಧ್ಯಾಹ್ನ ಅದನ್ನೇ ಕೇಳಿ. ಕಾಣೆ ಬಂದಿದ್ದರೆ ರವಾ ಫ್ರೈ, ಬಂಗುಡೆಯಾದರೆ ಪುಳಿಮುಂಚಿ, ಮರುವಾಯಿ (ಚಿಪ್ಪುಮೀನು) ಇದ್ದರೆ ಸುಕ್ಕ ಮತ್ತು ನೀರುದೋಸೆ. ಅಂಜಲ್ ಅಂಜಲ್ ಎಂದು ಎಲ್ಲರೂ ಕೇಳುತ್ತಾರೆ, ಅದಕ್ಕೇ ಅದರ ಬೆಲೆ ಹಾಗೆ. ತಾಜಾ ಬಂಗುಡೆ ಎದುರು ಹಳೆಯ ಅಂಜಲ್ ಏನೇನೂ ಅಲ್ಲ. ಬೆಲೆ ಬರೆಯದ ಮೀನಾದರೆ ಹುರಿಯುವ ಮುಂಚೆಯೇ ಕೇಳಿ, ಆಮೇಲೆ ಮುಖ ಕೆಡಿಸಿಕೊಳ್ಳುವುದು ಬೇಡ. ಅನ್ನ ಕೇಳುವಾಗ ಕುಚ್ಚಲಕ್ಕಿಯಾ ಬೆಳ್ತಿಗೆಯಾ (ಬಿಳಿ ಅಕ್ಕಿ) ಎನ್ನುತ್ತಾರೆ. ಮೀನು ಸಾರಿಗೆ ಕುಚ್ಚಲಕ್ಕಿಯೇ. ಹನ್ನೆರಡೂವರೆಗೆ ಕೂತುಬಿಡಿ, ಎರಡು ಗಂಟೆಗೆ ಹೋದರೆ ಒಳ್ಳೆಯದೆಲ್ಲ ಖಾಲಿ.

ಬಂದರಿನಲ್ಲಿ ನೆಲ ಜಾರುತ್ತದೆ, ಹಳೆಯ ಚಪ್ಪಲಿ ಸಾಕು. ಕೆಲಸ ಮಾಡುವವರ ದಾರಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ. ಮೀನು ಮಾರುವ ಅಕ್ಕಂದಿರ ಫೋಟೋ ಬೇಕಾದರೆ ಕೇಳಿ ತೆಗೆಯಿರಿ.

ಬೆಂಗ್ರೆ ಹೊಳೆಬದಿ:

ಕುದ್ರು ಬಗ್ಗೆ ಯಾರೂ ಹೇಳಲಿಲ್ಲ. ದ್ವೀಪದಲ್ಲಿ ಮಲಗುವ ಆಸೆ ಮಕ್ಕಳಿಗಿದೆಯಲ್ಲ, ಹೊಳೆ ನಡುವಿನ ದ್ವೀಪಗಳು ನಮ್ಮಲ್ಲಿ ಬೇಕಾದಷ್ಟು. ಜನ ಇರುವ ಕುದ್ರುಗಳೂ ಉಂಟು, ಮನೆ, ತೆಂಗಿನ ತೋಟ ಎಲ್ಲ ಇದೆ. ಕೆಮ್ಮಣ್ಣಿನಲ್ಲಿ ತಿಮ್ಮಣ್ಣ ಕುದ್ರುವಿಗೆ ತೂಗುಸೇತುವೆ ಇದೆ. ಮಕ್ಕಳಿಗೆ ನಡೆದು ದಾಟುವುದೇ ಮಜಾ. ಸೇತುವೆ ಮೇಲೆ ಕುಣಿಯಬೇಡಿ ಎಂದು ಹೇಳಿ ಕರೆದುಕೊಂಡು ಬನ್ನಿ, ಅದು ಊರಿನವರು ದಿನಾ ಓಡಾಡುವ ದಾರಿ. ಹೊಳೆಯಲ್ಲಿ ದೋಣಿ ವಿಹಾರ ಬೇಕಾದರೆ ಇಲ್ಲೇ ಸಿಗುತ್ತದೆ. ಸ್ವಲ್ಪ ಉತ್ತರಕ್ಕೆ ಸಾಲಿಗ್ರಾಮದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ನಡೆಸುವವರೂ ಇದ್ದಾರೆ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ.

ಇನ್ನು ರಾತ್ರಿ ಕತ್ತಲೆ ಚೆನ್ನಾಗಿದ್ದರೆ ಒಮ್ಮೆ ಕಡಲ ಬದಿಗೆ ಬಂದು ನೋಡಿ. ಕೆಲವು ವರ್ಷ ಮಳೆಗಾಲದ ನಂತರ ಅಲೆ ಒಡೆಯುವ ಕಡೆ ನೀಲಿ ಬೆಳಕು ಮಿನುಗುತ್ತದೆ. ನೀರಿನಲ್ಲಿರುವ ಸಣ್ಣ ಜೀವಿಗಳ ಬೆಳಕು ಅದು. 2020ರ ನವೆಂಬರ್‌ನಲ್ಲಿ ನೋಡಲು ಜನ ಜಾತ್ರೆಯ ಹಾಗೆ ಬಂದಿದ್ದರು. ನಿಮಗೆ ಸಿಕ್ಕರೆ ಅದೃಷ್ಟ.

ಕಲ್ಲು ನೋಡುವವ:

ಡಿಸೆಂಬರ್‌ನಲ್ಲಿ ಯಕ್ಷಗಾನ ಮೇಳಗಳ ತಿರುಗಾಟವೂ ನಡೆಯುತ್ತಿರುತ್ತದೆ. ಹೋಂಸ್ಟೇಯವರನ್ನು "ಹತ್ತಿರ ಎಲ್ಲಾದರೂ ಆಟ ಉಂಟಾ" ಎಂದು ಕೇಳಿ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಮಕ್ಕಳು ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ದೂರ ನಿಂತು ನೋಡಲಿ.

ಬೆಣ್ಣೆನಗರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೀಗೆ ಮಾಡೋಣ ಎಂದುಕೊಂಡಿದ್ದೇವೆ. ಬೆಂಗ್ರೆ ಕಡೆ ಮನೆಯವರು ಇರುವ ಹೋಂಸ್ಟೇ. ಭಾನುವಾರ ಸಂಜೆ ತಲುಪುವುದು. ಸೋಮವಾರ ಬೆಳಿಗ್ಗೆ ಬಂದರು, ಮೊದಲ ಬೋಟ್, ಅತ್ತೆ ಬಲರಾಮನ ಹತ್ತಿರ. ಮಂಗಳವಾರ ಮಠ, ಪಡುಕೆರೆ, ಮಟ್ಟು, ಕಾಪು. ಬುಧವಾರ ಕುದ್ರು, ಮಧ್ಯಾಹ್ನ ಊರಿಗೆ. ಸರಿ ಇದೆಯಾ? ದ್ವೀಪಕ್ಕೆ ಏನೇನು ತೆಗೆದುಕೊಂಡು ಹೋಗಬೇಕು?

ವಡಭಾಂಡದ ಹುಡುಗ:

ಸರಿ ಇದೆ ಅಕ್ಕ, ಒಂದು ಬದಲಾವಣೆ. ಬುಧವಾರ ಮಧ್ಯಾಹ್ನ ಊಟ ಮಾಡಿಕೊಂಡು ತಡ ಮಾಡಿ ಹೊರಡಬೇಡಿ. ಘಾಟಿಯನ್ನು ಬೆಳಕಿರುವಾಗಲೇ ಹತ್ತಬೇಕು. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತರೂ ಕತ್ತಲಾಗುವ ಮುಂಚೆ ತೀರ್ಥಹಳ್ಳಿ ದಾರಿ ಹಿಡಿಯಿರಿ.

ದ್ವೀಪಕ್ಕೆ ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಕಲ್ಲಿನ ಮೇಲೆ ಜಾರುತ್ತದೆ. ನೆರಳು ಕಡಿಮೆ, ಬಿಸಿಲು ನೀರಿನಿಂದಲೂ ಹೊಡೆಯುತ್ತದೆ. ಪ್ಲಾಸ್ಟಿಕ್ ಪೊಟ್ಟಣ ಒಯ್ಯಬೇಡಿ. ಅಣ್ಣನ ಚೀಲದಲ್ಲಿ ಬೇರೆ ಬಾಟಲಿ ಇದ್ದರೆ ದಡದಲ್ಲೇ ಇರಲಿ, ಅಲ್ಲಿ ಕುಡಿಯಲು ಬಿಡುವುದಿಲ್ಲ.

ಬೆಣ್ಣೆನಗರಿ:

ಅಣ್ಣನ ಚೀಲದಲ್ಲಿ ಇರುವುದು ಮಂಡಿಗೆ ಹಚ್ಚುವ ಎಣ್ಣೆ ಬಾಟಲಿ ಮಾತ್ರ.

ದೋಣಿಮನೆ:

ಅದು ದೇವಸ್ಥಾನಕ್ಕೆ ಹೋಗಲಿ, ದ್ವೀಪಕ್ಕೆ ಬೇಡ. ಸೋಮವಾರ ಬೆಳಿಗ್ಗೆ ಬಂದರಿನಲ್ಲಿ ಗಾಳಿ ಜಾಸ್ತಿ ಇದ್ದು ಬೋಟ್ ಬಿಡುವುದಿಲ್ಲ ಎಂದರೆ ವಾದ ಮಾಡದೆ ಮಂಗಳವಾರದ ಪ್ಲಾನ್ ಮೊದಲು ಮಾಡಿ. ದ್ವೀಪಕ್ಕೆ ಮಾರನೇ ದಿನ ಹೋದರಾಯಿತು.